ಹನ್ನೆರಡನೇ ಮೇಜಿನ ಗಾಳಿ

"ಮುಂದಿನ ವಾರದಿಂದ ನೀವು ಬರೋದು ಬೇಡಮ್ಮ," ಎಂದ ಸೂಪರ್‌ವೈಸರ್, ಹನ್ನೆರಡನೇ ಮೇಜಿನ ಮುಂದೆ ನಿಂತು. "ಬೇರೆಯವರು ದಿನಕ್ಕೆ ಐವತ್ತು ಕುರ್ಚಿ ಜೋಡಿಸ್ತಾರೆ. ನಿಮ್ಮದು ಮೂವತ್ತು ದಾಟಲ್ಲ. ಕೈ ನಿಧಾನ."

ಆಕೆ ಕೈಯಲ್ಲಿದ್ದ ಗನ್ನನ್ನು ಕೆಳಗಿಡಲಿಲ್ಲ. ಗಾಳಿಯ ಒತ್ತಡದಿಂದ ಸ್ಕ್ರೂ ತಿರುಗಿಸುವ ಆ ಉಪಕರಣವನ್ನು ಕಾರ್ಖಾನೆಯಲ್ಲಿ ಎಲ್ಲರೂ ಗನ್ ಎಂದೇ ಕರೆಯುತ್ತಿದ್ದರು. "ಕೈ ನಿಧಾನ ಇಲ್ಲ ಸಾರ್, ಗಾಳಿ ಸಾಲ್ತಿಲ್ಲ. ಸ್ಕ್ರೂ ಅರ್ಧಕ್ಕೇ ನಿಲ್ಲುತ್ತೆ, ಉಳಿದದ್ದನ್ನ ಕೈಯಲ್ಲಿ ತಿರುಗಿಸ್ತೀನಿ. ಸೇರಿದ ವಾರದಿಂದ ಹೇಳ್ತಾನೇ ಇದೀನಿ."

"ನಾನೇನು ಗಾಳಿಗೆ ತೂರಿಲ್ಲ ನಿಮ್ಮ ಮಾತನ್ನ. ಊಟದ ಹೊತ್ತಲ್ಲಿ ಬಂದು ನಾನೇ ಗೇಜ್ ಹಾಕಿ ಒತ್ತಡ ನೋಡ್ದೆ. ಗಾಳಿ ತುಂಬೋ ಕಂಪ್ರೆಸರ್ ಹತ್ರ ಏಳು, ಇಲ್ಲೂ ಏಳು."

"ಊಟದ ಹೊತ್ತಲ್ಲಾ?" ಎಂದು ಏಣಿಯ ಮೇಲಿಂದ ಯಾರೋ ಕೇಳಿದರು. ಪೈಪ್ ಮೇಸ್ತ್ರಿ. ಇನ್ನೂ ನಾಲ್ಕು ಮೇಜು ಹೆಚ್ಚಿಸಲು ಮಾಲೀಕರು ದೊಡ್ಡ ಕಂಪ್ರೆಸರ್ ತರಿಸುವವರಿದ್ದರು. ಅದಕ್ಕೆ ಜಾಗ ಅಳೆಯಲು ಇವರನ್ನು ಕರೆಸಿದ್ದರು. ನಲವತ್ತು ವರ್ಷ ಪೈಪುಗಳ ಜೊತೆಯೇ ಬಾಳಿದ ಅವರಿಗೆ ಹೆಂಡತಿ ಇಟ್ಟ ಹೆಸರು ಗಾಳಿಯಪ್ಪ. ಅವರು ನಿಧಾನವಾಗಿ ಇಳಿದು ಬಂದರು. "ಮನೇಲಿ ಎಲ್ಲಾ ಮಲಗಿದ್ದಾಗ ನಲ್ಲಿ ತಿರುಗಿಸಿದ್ರೆ ನೀರು ಜೋರಾಗೇ ಬರುತ್ತೆ ಸ್ವಾಮಿ. ಬೆಳಿಗ್ಗೆ ಎಲ್ಲಾರೂ ಒಟ್ಟಿಗೆ ಸ್ನಾನಕ್ಕೆ ನಿಂತಾಗ ನೋಡ್ಬೇಕು."

"ಗೇಜು ಆಮೇಲೆ ನೋಡಿ," ಎಂದಳು ಆಕೆ. "ಮೊದಲು ಒಂದನೇ ಮೇಜಿನ ಅಣ್ಣನ್ನ ಇಲ್ಲಿ ನಿಲ್ಲಿಸಿ. ನಾನು ಅವರ ಜಾಗಕ್ಕೆ ಹೋಗ್ತೀನಿ. ಒಂದು ಗಂಟೆ ಸಾಕು."

ಒಂದನೇ ಮೇಜಿನವನ ಕೈ ಚುರುಕಿನ ಬಗ್ಗೆ ಇಡೀ ಕಾರ್ಖಾನೆಯಲ್ಲಿ ಎರಡು ಮಾತಿರಲಿಲ್ಲ. ಅವನು ನಗುತ್ತ ಬಂದ; ತನ್ನ ಗನ್ನನ್ನೂ ಕಳಚಿಕೊಂಡೇ ಬಂದ. ಆಕೆ ತನ್ನದನ್ನು ಹಿಡಿದು ಅವನ ಜಾಗಕ್ಕೆ ಹೋದಳು. ಮೊದಲ ಎರಡು ಸ್ಕ್ರೂ ಹೇಗೋ ಒಳಗೆ ಹೋದವು. ಮೂರನೆಯದಕ್ಕೆ ಗನ್ನು ಗೊರಗೊರ ಎಂದು ಸುಮ್ಮನಾಯಿತು. ಅವನು ಅದನ್ನು ಅಲ್ಲಾಡಿಸಿ, ಅದರ ಬಾಯಿಯೊಳಗೆ ಇಣುಕಿ, "ಇದಕ್ಕೇನು ಬಂತು ದೊಡ್ಡ ರೋಗ?" ಎಂದ. ಪಕ್ಕದ ಮೇಜಿನವರು ನಕ್ಕರು. ಗಂಟೆ ಕಳೆಯುವಷ್ಟರಲ್ಲಿ ಅವನ ಮುಂದೆ ನಾಲ್ಕು ಕುರ್ಚಿಗಳಿದ್ದವು. ಆಚೆ ತುದಿಯಲ್ಲಿ ಆಕೆ ಏಳನೆಯದನ್ನು ಪಕ್ಕಕ್ಕಿಡುತ್ತಿದ್ದಳು.

ಹನ್ನೆರಡೂ ಗನ್ನುಗಳು ಸದ್ದು ಮಾಡುತ್ತಿದ್ದಾಗಲೇ ಗಾಳಿಯಪ್ಪ ಕೊನೆಯದಾದ ಹನ್ನೆರಡನೇ ಮೇಜಿನ ಪೈಪಿಗೆ ಗೇಜ್ ಸಿಕ್ಕಿಸಿದರು. ಮುಳ್ಳು ಏಳರ ಹತ್ತಿರವೂ ಹೋಗದೆ ನಾಲ್ಕರಲ್ಲಿ ನಡುಗುತ್ತ ನಿಂತಿತು. "ಬನ್ನಿ, ಕಣ್ಣಾರೆ ನೋಡಿ. ಕಂಪ್ರೆಸರ್ ಹತ್ರ ಈಗ್ಲೂ ಏಳೇ ಇದೆ," ಎಂದು ಸೂಪರ್‌ವೈಸರನ್ನು ಕರೆದರು. "ಈ ಪೈಪು ಹಾಕಿದಾಗ ಇಲ್ಲಿ ಎಷ್ಟು ಮೇಜಿದ್ವು?"

"ನಾಲ್ಕು."

"ಆಮೇಲೆ ಇದೇ ಅರ್ಧ ಇಂಚಿನ ಪೈಪಿಗೆ ಬಾಲ ಜೋಡಿಸ್ತಾ ಹೋದ್ರಿ. ಹನ್ನೊಂದು ಜನ ಉಂಡು ಉಳಿದದ್ದು ಈಕೆಗೆ. ಗಂಟಲು ಸಣ್ಣದಿರೋವಾಗ ಹೊಟ್ಟೆ ದೊಡ್ಡದು ಮಾಡಿ ಏನು ಬಂತು? ಹೊಸ ಕಂಪ್ರೆಸರ್ ಬೇಡ ಅಂತ ಮಾಲೀಕರಿಗೆ ನಾನೇ ಹೇಳ್ತೀನಿ. ಪೈಪ್ ಬದಲಾಯಿಸಿ, ಸೋರೋ ಕಡೆಯೆಲ್ಲ ಬಿಗಿ ಮಾಡಿದ್ರೆ ಇನ್ನೂ ನಾಲ್ಕು ಮೇಜಿಗೂ ಇದೇ ಸಾಕು."

ಸೂಪರ್‌ವೈಸರ್ ಮುಳ್ಳನ್ನೇ ನೋಡುತ್ತ ನಿಂತ. ಆಮೇಲೆ ಆಕೆಯ ಕಡೆ ತಿರುಗದೆಯೇ, "ಆ ಮುಂದಿನ ವಾರದ ಮಾತು ಬಿಟ್ಬಿಡಿ," ಎಂದ.

ಕಾರ್ಖಾನೆಗೆ ಎರಡು ದಿನ ರಜೆ ಕೊಟ್ಟು ಪೈಪಿನ ಕೆಲಸ ಮುಗಿಸಿದರು. ಗಾಳಿಯಪ್ಪ ಎರಡು ಇಂಚಿನ ಪೈಪನ್ನು ನಾಲ್ಕೂ ಗೋಡೆಗೆ ಬಳಸಿ, ಅದರ ಕೊನೆಯನ್ನು ತಂದು ಮೊದಲಿಗೇ ಸೇರಿಸಿದರು; ಈಗ ಪ್ರತಿ ಮೇಜಿಗೂ ಗಾಳಿ ಎರಡು ಕಡೆಯಿಂದ ಬರುವಂತಾಯಿತು. ಮೂಲೆಗಳಲ್ಲಿ ಪೈಪನ್ನು ಥಟ್ಟನೆ ತಿರುಗಿಸುತ್ತಿದ್ದ ಗಿಡ್ಡ ಬೆಂಡುಗಳನ್ನೆಲ್ಲ ಕಿತ್ತು, ಗಾಳಿ ಸಲೀಸಾಗಿ ತಿರುಗುವಂತೆ ಅಗಲವಾಗಿ ಬಳಸುವಂಥವನ್ನು ಹಾಕಿದರು. ರಜೆಯಿದ್ದರೂ ಬಂದು ನಿಂತಿದ್ದ ಆಕೆ, "ನನ್ನ ಮೇಜಿಗೆ ಬಲಗಡೆಯಿಂದ ಇಳಿಸಿ ಅಣ್ಣ, ಎಡಗಡೆ ಆದ್ರೆ ಕುರ್ಚಿ ಕಾಲಿಗೆ ತಾಗುತ್ತೆ," ಎಂದಳು. ಅವರು ತಲೆಯಾಡಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು.

ಕೆಲಸ ಮತ್ತೆ ಶುರುವಾದ ದಿನ ಎಲ್ಲ ಗನ್ನುಗಳೂ ಒಟ್ಟಿಗೆ ಮೊರೆಯುತ್ತಿದ್ದಾಗ ಕೊನೆಯ ಮೇಜಿನ ಮುಳ್ಳು ಏಳಕ್ಕೆ ಕೂದಲೆಳೆಯಷ್ಟು ಮಾತ್ರ ಕಡಿಮೆಯಿತ್ತು. ಸಂಜೆ ಸೂಪರ್‌ವೈಸರ್ ಬಂದು ಆಕೆಯ ಕುರ್ಚಿಗಳನ್ನು ಎರಡು ಸಲ ಎಣಿಸಿದ. ಐವತ್ತನಾಲ್ಕು.

"ಕೈ ಚುರುಕಾಯ್ತಲ್ಲಮ್ಮ," ಎಂದ.

"ಕೈ ಮೊದಲೂ ಹೀಗೇ ಇತ್ತು ಸಾರ್." ಆಕೆ ಗನ್ನನ್ನು ಬಟ್ಟೆಯಿಂದ ಒರೆಸಿ ಕೊಂಡಿಗೆ ತೂಗುಹಾಕಿದಳು. "ನನಗಿಂತ ಮುಂಚೆ ಈ ಮೇಜಲ್ಲಿ ಮೂವರಿದ್ರಂತೆ. ಅವರನ್ನೂ ಕೈ ನಿಧಾನ ಅಂತಾನೇ ಕಳಿಸಿದ್ರಂತೆ."

ಸೂಪರ್‌ವೈಸರ್ ಜೇಬಿನಿಂದ ಫೋನ್ ತೆಗೆದು ಆ ಮೂವರ ನಂಬರ್ ಹುಡುಕತೊಡಗಿದ. ಎರಡು ನಂಬರ್ ಸಿಕ್ಕವು. ಮೂರನೆಯವರ ಹೆಸರು ನೆನಪಿಸಿಕೊಳ್ಳುತ್ತ, ಎಲ್ಲರೂ ಮನೆಗೆ ಹೊರಟ ಮೇಲೂ ಅವನು ಅಲ್ಲೇ ನಿಂತಿದ್ದ.