ಅಂಗೈ ಮೇಲಿನ ಕರ್ಪೂರ

“ನಾ ಈಕಿಗೆ ಸೂಜಿ ಮಾಡೇ ಇಲ್ರಿ,” ಎಂದ ವಿಕ್ರಾಂತ ಡಾಕ್ಟರ್. ಇದು ಮೂರನೆಯ ಸಲ.

ಶೇವಂತಾ ಹಲ್ಲು ಕಚ್ಚಿ ನಿಂತಿದ್ದಳು. ಗುಡಿಯ ಕಟ್ಟೆಯ ಮೇಲೆ ಊರ ಹಿರಿಯ ಜಕ್ಕಪ್ಪ, ಅವರ ಪಕ್ಕದಲ್ಲಿ ಡಾಕ್ಟರ್, ಕೆಳಗೆ ಅರ್ಧ ಊರು. ಬೆಳಗಿನ ಚಹಾ ಬಂತು. ಗಂಡಸರು ಸ್ಟೀಲ್ ಲೋಟವನ್ನು ಟವೆಲ್ಲಿನ ತುದಿಯಲ್ಲಿ ಹಿಡಿದು ಊದಿದರು. ಶೇವಂತಾ ಬಲ ಅಂಗೈ ಮೇಲೆ ಲೋಟ ಇಟ್ಟುಕೊಂಡು ಹಾಗೇ ನಿಂತಳು.

“ಬಿಸಿ ಐತಿ, ಸೆರಗಿಲೆ ಹಿಡಿ,” ಎಂದ ಗಂಡ ಭರಮು. ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಸಿಟ್ಟು.

ಸಿಟ್ಟು ಬರದೆ ಇನ್ನೇನು? ದೀಪಾವಳಿಯ ಮುಂದೆ ಜ್ವರ ಬಂತೆಂದು ಈ ಡಾಕ್ಟರನ ಹತ್ತಿರ ಹೋಗಿದ್ದಳು. ಮೊಣಕೈಯ ಒಳಮಡಿಕೆಗೆ ಸೂಜಿ ಚುಚ್ಚಿದ. ಬೆರಳ ತುದಿಯವರೆಗೂ ಕರೆಂಟ್ ಹೊಡೆದಂತಾಯಿತು. ಚೀರಿದರೆ, “ಸುಮ್ನ ಕೂಡಬೇ,” ಎಂದು ಇನ್ನಷ್ಟು ಒಳಗೆ ಒತ್ತಿದ. ಜ್ವರ ಹೋಯಿತು, ಕೈಯೂ ಹೋಯಿತು. ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದ ಕೈ ಅದು. ಮೊದಲು ಸೌಟು ಜಾರಿತು. ಆಮೇಲೆ ಒಂದು ದಿನ ಸಾರಿನ ಪಾತ್ರೆಯೇ ಜಾರಿತು. ಕುದಿಯುವ ಸಾರು ಒಂದನೇ ತರಗತಿಯ ಹುಡುಗಿಯ ಕಾಲಿನಿಂದ ಗೇಣು ದೂರದಲ್ಲಿ ಚೆಲ್ಲಿತು. ಮರುದಿನದಿಂದ ಅಡುಗೆಮನೆಗೆ ಬರಬೇಡ ಎಂದರು. ಸೂಜಿಯಿಂದ ಹೀಗಾಯಿತು ಎಂದರೆ ಊರು ನಕ್ಕಿತು.

ನಗುವ ಊರೇ ಅದು. ಸೂಜಿ ಚುಚ್ಚದ ಡಾಕ್ಟರನಿಗೆ ಅಲ್ಲಿ ಮರ್ಯಾದೆ ಇಲ್ಲ. ವಿಕ್ರಾಂತ ಹದಿನೈದು ವರ್ಷದಿಂದ ಚುಚ್ಚುತ್ತಿದ್ದ. ಒಂದು ದಿನವೂ ಯಾರಿಗೂ ಚೀಟಿ ಬರೆದುಕೊಟ್ಟವನಲ್ಲ. ಡ್ರಾವರಿನಿಂದ ಗುಳಿಗೆ ತೆಗೆದು ಪೇಪರಿನ ಚೂರಿನಲ್ಲಿ ಕಟ್ಟಿಕೊಡುತ್ತಿದ್ದ. ಎಷ್ಟು ಸಾದಾ ಮನುಷ್ಯ ಎಂದು ಜನ ಹೊಗಳುತ್ತಿದ್ದರು.

“ನನ್ನ ಕೈ ಅಂತೂ ಹೋತು,” ಎಂದಳು ಶೇವಂತಾ. “ನಾಳೆ ಯಾರದರ ಕೂಸಿನ ಕೈ ಹೋಗಬಾರದು. ಆ ದವಾಖಾನಿಗೆ ಕೀಲಿ ಹಾಕಸ್ರಿ.”

“ಪುರಾವೆ ಏನೈತಿ, ತಂಗಿ?” ಎಂದರು ಜಕ್ಕಪ್ಪ.

ಆಕೆ ಕುಪ್ಪಸದೊಳಗಿನಿಂದ ಮಡಿಸಿದ ಕಾಗದ ತೆಗೆದಳು. ಮಿರಜಿನ ದೊಡ್ಡ ದವಾಖಾನೆಯ ಚೀಟಿ, ಪೂರಾ ಇಂಗ್ಲಿಷ್. ಜಕ್ಕಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಓದಬಲ್ಲವರು ಓದಲಿ ಎಂದು ಡಾಕ್ಟರನ ಕೈಗೇ ಕೊಟ್ಟರು. ವಿಕ್ರಾಂತ ಚಷ್ಮಾ ಹಾಕಿಕೊಂಡ. ಮೇಲಿಂದ ಕೆಳಗೆ ಓದಿದ. ಮತ್ತೊಮ್ಮೆ ಓದಿದ. ನಿಧಾನವಾಗಿ ತಲೆಯಾಡಿಸಿದ.

“ಮೊಣಕೈಗೆ ವಾತ ಹಿಡದೈತಿ ಅಂತ ಬರದಾರ್ರಿ. ಸೌಟು ತಿರುವಿ ತಿರುವಿ ಹಿಂಗ ಆಗ್ತೈತಿ. ಸೂಜಿ ಮಾತ ಇಲ್ಲ ಇದ್ರಾಗ.”

ಭರಮು ಏನೋ ಹೇಳಲು ಬಾಯಿ ತೆರೆದ. ಶೇವಂತಾ ಅವನ ಕಾಲು ಮೆಟ್ಟಿದಳು. ಚೀಟಿಯನ್ನು ಮಡಿಸಿ ಮತ್ತೆ ಕುಪ್ಪಸದೊಳಗೆ ಇಟ್ಟುಕೊಂಡಳು. ಅವಳ ಕಣ್ಣು ಡಾಕ್ಟರನ ಮುಖ ಬಿಟ್ಟು ಕದಲಲಿಲ್ಲ.

“ಹಂಗಾರ ಆಣಿ ಆಗ್ಲಿ,” ಎಂದಳು.

ಆ ಊರಿನಲ್ಲಿ ಆಣೆ ಎಂದರೆ ಅಂಗೈ ಮೇಲೆ ಕರ್ಪೂರ. ಉರಿದು ಮುಗಿಯುವವರೆಗೆ ಕೈ ಅಲುಗದಿದ್ದರೆ ಮಾತು ಖರೆ. ಅಲುಗಿದರೆ ಸುಳ್ಳು. ಜಕ್ಕಪ್ಪ ಶರತ್ತು ಹೇಳಿದರು. ಸುಳ್ಳಾದರೆ ಶೇವಂತಾ ಡಾಕ್ಟರನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಬೇಕು, ಅಡುಗೆಮನೆಯ ಹೆಸರೆತ್ತಬಾರದು. ಖರೆಯಾದರೆ ದವಾಖಾನೆಗೆ ಕೀಲಿ.

ಶೇವಂತಾ ಎಡಗೈ ಚಾಚಿದಳು.

ವಿಕ್ರಾಂತ ನಕ್ಕ. “ದೇವರ ಮುಂದ ಎಡಗೈ ಏನಬೇ? ಬಲಗೈ ಚಾಚು. ಸುಳ್ಳು ಹೇಳಾಕತ್ತಿದ್ದು ಅದೇ ಕೈ ಅಲ್ಲೇನು?”

“ಬಲಗೈನ ಆಗಬೇಕೇನ್ರಿ, ಡಾಕ್ಟರ?”

“ಬಲಗೈನ.”

“ಚೀಟಿ ಓದೀರಲ್ಲ? ವಿಚಾರ ಮಾಡಿ ಹೇಳ್ರಿ.”

“ಓದೇನಿ. ಚಾಚು.”

ಅಂಜಿದಳು ಎಂದು ಹೆಂಗಸರು ಗುಸುಗುಸು ಎಂದರು. ಶೇವಂತಾ ಬಲ ಅಂಗೈ ಚಾಚಿದಳು. ಪೂಜಾರಿ ಹೆಬ್ಬೆರಳಿನ ಬುಡದಲ್ಲಿ ಕರ್ಪೂರ ಇಟ್ಟು ಕಡ್ಡಿ ಗೀರಿದ.

ಉರಿ ನೆಟ್ಟಗೆ ಎದ್ದಿತು. ಕೈ ಕದಲಲಿಲ್ಲ. ಕರ್ಪೂರದ ವಾಸನೆ ಹೋಗಿ ಚರ್ಮ ಸುಟ್ಟ ವಾಸನೆ ಬಂತು. ಯಾರೋ ಮುಖ ಮುಚ್ಚಿಕೊಂಡರು. ಭರಮು ನೆಲಕ್ಕೆ ಕುಸಿದು ಅತ್ತ. ಶೇವಂತಾ ಕೈಯನ್ನು ನೋಡಲೂ ಇಲ್ಲ, ಕಣ್ಣೂ ಮಿಟುಕಿಸಲಿಲ್ಲ. ಡಾಕ್ಟರನ ಹಣೆಯ ಮೇಲೆ ಬೆವರು ಮೂಡುವುದನ್ನೇ ನೋಡುತ್ತಿದ್ದಳು. ಉರಿ ಆರಿದಾಗ ಅಂಗೈಯಲ್ಲಿ ರೂಪಾಯಿಯಗಲದ ಕರಿ ಗುರುತು ಉಳಿದಿತ್ತು.

“ಖರೆ ಐತಿ,” ಎಂದು ಜಕ್ಕಪ್ಪ ಕೈ ಮುಗಿದರು. “ದೇವರ ನುಡದಾನ.”

“ದೇವರನ್ನ ಯಾಕ ನಡುವ ತರ್ತೀರಿ, ಯಜಮಾನ್ರ?” ಶೇವಂತಾ ಎಡಗೈಯಿಂದ ಕುಪ್ಪಸದೊಳಗಿನ ಚೀಟಿ ತೆಗೆದಳು. “ನಂಗ ಕರ್ಪೂರದ ನ್ಯಾಯ ಬ್ಯಾಡ. ಈ ಚೀಟಿ ಸ್ನೇಹಲ ಟೀಚರ ಕಡಿಂದ ಇನ್ನೊಮ್ಮೆ ಓದಸ್ರಿ. ಎಲ್ಲಾರಿಗೂ ಕೇಳೂ ಹಂಗ.”

ಗುಂಪಿನಲ್ಲಿದ್ದ ಹೈಸ್ಕೂಲಿನ ಸ್ನೇಹಲ ಟೀಚರ್ ಮುಂದೆ ಬಂದು ಚೀಟಿ ಬಿಡಿಸಿದರು. ವಿಕ್ರಾಂತ ಕಟ್ಟೆಯಿಂದ ಇಳಿಯತೊಡಗಿದ್ದ. ಟೀಚರ್ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಮೊದಲ ಸಾಲು ಹೆಸರು, ವಯಸ್ಸು. ಎರಡನೆಯದು, ಮೊಣಕೈಯಲ್ಲಿ ಸೂಜಿ ತಗುಲಿ ನರಕ್ಕೆ ಪೆಟ್ಟಾಗಿದೆ. ಮೂರನೆಯ ಸಾಲಿಗೆ ಅವರ ದನಿ ಇಳಿಯಿತು.

“ಬಲ ಅಂಗೈಗೆ ಸ್ಪರ್ಶ ತಿಳಿಯುವುದಿಲ್ಲ. ಬೆಂಕಿಯಿಂದ ದೂರ ಇಡಬೇಕು, ಸುಟ್ಟರೂ ಗೊತ್ತಾಗುವುದಿಲ್ಲ.”

ವಿಕ್ರಾಂತ ಡಾಕ್ಟರ್ ಚಷ್ಮಾ ಹಾಕಿಕೊಂಡು, ಎಲ್ಲರ ಮುಂದೆ, ಎರಡು ಸಲ ಓದಿದ್ದ ಚೀಟಿ ಅದು. ಓದಿಯೂ ಬಲಗೈಯನ್ನೇ ಚಾಚು ಎಂದಿದ್ದ.