ಬಾಣಂತಿಗೆ ಬಿಸಿನೀರು

ಒಲೆ ಹಚ್ಚುವುದು ನಿಷೇಧವಾದ ಮೇಲೆ ಊರಿಗೆ ಬಿಸಿನೀರು ಬರುವುದು ಮೊಬೈಲ್ ಜಾಲ ನಡೆಸುವ ಕಂಪನಿಯ ಕಂಪ್ಯೂಟರುಗಳ ಕಾವಿನಿಂದ. ಜನ ಮೊಬೈಲಿನಲ್ಲಿ ಕಿತ್ತಾಡಿದಷ್ಟೂ ಅವು ಕಾದು ನಲ್ಲಿ ಬಿಸಿಯಾಗುತ್ತದೆ. ಕಂಪನಿಯ ಯಜಮಾನ ಮೊಬೈಲಿನಲ್ಲಿ ಪರಿಸರ ಉಳಿಸುವ ಭಾಷಣ ಶುರುಮಾಡಿದ ಕೂಡಲೇ ನಂಜವ್ವ ಬಾಣಂತಿ ಮಗಳನ್ನು ಬಚ್ಚಲಲ್ಲಿ ಕೂರಿಸಿದಳು. ಹೆತ್ತಾಗಿನಿಂದ ಮೈಗೆ ಸುಡುನೀರು ಬೀಳದೆ ಹುಡುಗಿಯ ಸೊಂಟ ಹಿಡಿದುಕೊಂಡಿತ್ತು.

"ಕಂಪ್ಯೂಟರು ತಣಿಸೋಕೆ ನಮ್ಮ ಕೆರೆ ಕುಡಿದವನು ನೀರು ಉಳಿಸಿ ಅಂತಾನಲ್ಲವ್ವ!" ಎಂದು ಮಗ ಮಾದೇಶ ಹೊರಗೆ ಹಲ್ಲು ಕಡಿದ.

"ನನ್ನ ಹತ್ರ ಕೂಗಿದ್ರೆ ನೀರು ಕಾಯ್ತದಾ? ಮೊಬೈಲಲ್ಲಿ ಬಯ್ಯೋ."

ಊರೆಲ್ಲ ಉಗಿಯಿತು, ನಲ್ಲಿ ಹಬೆಯಾಡಿತು. ನಂಜವ್ವ ಬೆನ್ನಿಗೆ ಹುಯ್ದು ಸೊಂಟಕ್ಕೆ ಬರುವಷ್ಟರಲ್ಲಿ ನೀರು ತಣ್ಣಗಾಯಿತು.

"ಏನಾಯ್ತೋ?"

"ಕೆರೆ ತುಂಬಿಸ್ತೀನಿ ಅಂತ ಕೈಮುಗಿದ. ಜನ ಕರಗಿಬಿಟ್ರು. ನಾನೊಬ್ಬನೇ ಬಯ್ತಿದೀನಿ, ಕಾವು ಸಾಲ್ತಿಲ್ಲ."

"ಹಾಳಾದವ್ನು, ಇನ್ನೆರಡು ಚೊಂಬು ಹುಯ್ಯೋತನಕ ತಡೀಬಾರ್ದಿತ್ತಾ!"