ಗುರುಪಾದನ ಪಾಲು

ಬಾಡಿಗೆ ಮನೆಯ ಮೂವರಲ್ಲಿ ಗುರುಪಾದ ಒಂದು ದಿನವೂ ಒಲೆ ಹಚ್ಚಿದವನಲ್ಲ. ಉಳಿದಿಬ್ಬರಿಗೂ ಸಾಕಾಗಿ, ಮನೆ ಬಿಡು ಎಂದರು.

“ನಾ ಕೊಟ್ಟ ಅಡ್ವಾನ್ಸ್?”

“ವರ್ಷಗಟ್ಲೆ ಕುಂತು ಉಂಡೀಯಲ್ಲ, ಅದಕ್ಕ ವಜಾ,” ಎಂದ ಮಹಾರುದ್ರ. ಆದರೂ ಜಗಳ ಬೀದಿಗೆ ಬಂದೀತೆಂಬ ಅಳುಕು ಅವನಿಗೆ. “ಬೇಕಾದ್ರ ಅಡಗಿಮನಿಯಾಗಿಂದು ಒಂದು ಸಾಮಾನು ತಗೊಂಡು ಹೋಗು. ಅಡಗಿಮನಿ ಯಾವ ದಿಕ್ಕಿಗೈತಿ, ಗೊತ್ತೈತಿಲ್ಲೋ?”

“ಹುಡುಕ್ತೀನಿ ಬಿಡಪಾ. ಒಂದ ಸಾಕು.”

ಅವನು ಬಟ್ಟೆ ಕಟ್ಟಿಕೊಳ್ಳುವಷ್ಟರಲ್ಲಿ ಮಹಾರುದ್ರ ಮಿಕ್ಸರನ್ನು ಮಂಚದ ಕೆಳಗೆ ತಳ್ಳಿದ, ಕುಕ್ಕರನ್ನು ಕೌದಿಯಲ್ಲಿ ಸುತ್ತಿಟ್ಟ. ಗುರುಪಾದ ಅಡುಗೆಮನೆ ಹೊಕ್ಕು, ಬರಿಗೈ ಬೀಸುತ್ತಲೇ ಹೊರಬಂದ. ಅಂಗಿಯ ಕಿಸೆ ಮಾತ್ರ ತುಸು ಉಬ್ಬಿತ್ತು.

“ಚಮಚೆ ಹೊಡದಾನ, ಹೋಗ್ಲಿ!” ಎಂದು ನಕ್ಕ ಮಹಾರುದ್ರ, ಪೀಡೆ ತೊಲಗಿದ ಖುಷಿಗೆ ಶಾವಿಗೆ ಪಾಯಸ ಮಾಡಲು ಒಲೆಯ ಮೇಲೆ ಹಾಲಿಟ್ಟ. ಮೂರು ಕಡ್ಡಿ ಗೀರಿದ. ಮೂರೂ ಉರಿದು ಬೆರಳು ಚುರುಗುಟ್ಟಿತೇ ಹೊರತು ಒಲೆ ಹತ್ತಲಿಲ್ಲ.

ಬಗ್ಗಿ ಕಟ್ಟೆಯ ಕೆಳಗೆ ನೋಡಿದ. ತುಂಬಿದ ಸಿಲಿಂಡರ್ ಕೂತಲ್ಲೇ ಕೂತಿತ್ತು. ಅದರ ತಲೆಯ ಮೇಲಿನ ರೆಗ್ಯುಲೇಟರ್ ಒಂದೇ ಇರಲಿಲ್ಲ.